ನಾಲ್ಕು ತಟ್ಟೆಯ ಸಾಕ್ಷಿ

ಬೀಜದ ಕಂಪನಿಯ ಪರೀಕ್ಷಾ ಕೊಠಡಿಗೆ ಕಾಲಿಟ್ಟ ಮೊದಲ ದಿನವೇ ಆ ಹುಡುಗಿಗೆ ಒಂದು ಹೆಸರು ಬಿತ್ತು: ಲೆಕ್ಕದಮ್ಮ. ಮುದ್ದಿಗೆ ಇಟ್ಟ ಹೆಸರಲ್ಲ. ಬಾಗಿಲಲ್ಲಿ ನಿಂತವಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದು ಮೊಳಕೆಯಕ್ಕ ಎಸೆದ ಹೆಸರು.

"ಬನ್ನಿ ಲೆಕ್ಕದಮ್ಮ, ಬನ್ನಿ. ಹತ್ತು ಬೆರಳೂ ತಂದಿದ್ದೀರಾ? ಇಲ್ಲಿ ನೂರರ ತನಕ ಎಣಿಸ್ಬೇಕಾಗುತ್ತೆ."

ಪ್ಯಾಕೆಟ್ಟುಗಳಿಗೆ ಸೀಲು ಹಾಕುವವನು ಮೂಲೆಯಲ್ಲಿ ಕಿಸಕ್ಕನೆ ನಕ್ಕ. ಹುಡುಗಿಯೂ ನಗಲು ನೋಡಿದಳು. ಜೊತೆಗೆ ನಗುವವರು ಯಾರೂ ಇರಲಿಲ್ಲ.

ಮೊಳಕೆಯಕ್ಕ ಎಂದರೆ ಇಪ್ಪತ್ತಾರು ವರ್ಷದಿಂದ ಆ ಕೊಠಡಿಯನ್ನು ಕಣ್ಸನ್ನೆಯಲ್ಲೇ ಆಳಿಕೊಂಡು ಬಂದ ಹೆಂಗಸು. ದಪ್ಪ ಕನ್ನಡಕ, ಮೊಳಕೈವರೆಗೆ ಮಡಚಿದ ತೋಳು, ಬಾಯಿಗಿಂತ ಮೊದಲು ಮಾತಾಡುವ ಹುಬ್ಬು. ಅವಳ ಕೆಲಸ ನೋಡಲು ಸರಳ. ಈರುಳ್ಳಿ ಬೀಜದ ಯಾವ ರಾಶಿಯೂ ಮಾರಾಟಕ್ಕೆ ಹೋಗುವ ಮೊದಲು ಅದರಿಂದ ನಾನೂರು ಬೀಜ ಎಣಿಸಿ ತೆಗೆಯಬೇಕು. ಒದ್ದೆ ಕಾಗದ ಹಾಸಿದ ನಾಲ್ಕು ತಟ್ಟೆಗಳಲ್ಲಿ ತಟ್ಟೆಗೆ ನೂರರಂತೆ ಇಡಬೇಕು. ಹದ ಕಾಯುವ ಬೀರುವಿನೊಳಗೆ ಮುಚ್ಚಿಟ್ಟು, ಹನ್ನೆರಡನೆಯ ದಿನ ತೆಗೆದು, ಎಷ್ಟು ಮೊಳೆತವು ಎಂದು ಎಣಿಸಬೇಕು. ನಾಲ್ಕರ ಸರಾಸರಿಯೇ ಪ್ಯಾಕೆಟ್ಟಿನ ಚೀಟಿಯ ಮೇಲೆ ಅಚ್ಚಾಗುವ ಅಂಕಿ. ಮುಚ್ಚಿದ ಬೀಜದೊಳಗೆ ಭಗವಂತ ಜೀವ ಇಟ್ಟಿದ್ದಾನೋ ಇಲ್ಲವೋ ಎಂದು ಕೇಳಲು ಮನುಷ್ಯನಿಗಿರುವುದು ಇದೊಂದೇ ದಾರಿ, ನೀರು ಕೊಟ್ಟು ಕಾಯುವುದು.

ಹುಡುಗಿ ಓದುತ್ತಿದ್ದದ್ದು ನಾಲ್ಕು ವರ್ಷದ ಗಣಿತ ಪದವಿ. ಅದರ ಮೂರನೆಯ ವರ್ಷವನ್ನು ಪೂರ್ತಿ ಹೊರಗೆ, ಯಾವುದಾದರೂ ಕೆಲಸದ ಜಾಗದಲ್ಲಿ ಕಳೆಯಬೇಕು. ಕೊನೆಗೆ ಅಲ್ಲಿಯ ಮೇಲಧಿಕಾರಿ ಕಾಲೇಜಿನವರು ಕೊಟ್ಟ ಹಾಳೆಯ ಮೇಲೆ 'ತೃಪ್ತಿಕರ' ಎಂದು ಬರೆದು ರುಜು ಹಾಕಬೇಕು. ರುಜು ಬೀಳದಿದ್ದರೆ ಆ ವರ್ಷ ಲೆಕ್ಕಕ್ಕೇ ಇಲ್ಲ. ಆ ವರ್ಷವಿಲ್ಲದವರನ್ನು ಸಂಖ್ಯಾಶಾಸ್ತ್ರದ ಮೇಲ್ತರಗತಿಗೆ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗಿನಿಂದಲೂ ಅವಳು ಕಣ್ಣಿಟ್ಟಿದ್ದದ್ದು ಅದೇ ತರಗತಿಯ ಮೇಲೆ.

ಮೊದಲ ಎರಡು ತಿಂಗಳು ಅವಳಿಗೆ ಸಿಕ್ಕಿದ್ದು ತಟ್ಟೆ ತೊಳೆಯುವ ಕೆಲಸ. ಬೀಜ ಮುಟ್ಟಹೋದರೆ, "ಬೇಡ ತಾಯಿ, ನಿನ್ನ ಕೈ ಬೆವರುತ್ತೆ. ಬೀಜ ಇಲ್ಲೇ ಮೊಳೆತುಬಿಟ್ಟಾವು" ಎಂದು ಮೊಳಕೆಯಕ್ಕ ತಟ್ಟೆಯನ್ನು ಎಳೆದುಕೊಳ್ಳುತ್ತಿದ್ದಳು. ಕೂರಲು ಕೊಟ್ಟದ್ದು ಒಂದು ಕಾಲು ಗಿಡ್ಡವಾದ ಸ್ಟೂಲು. ಏನಾದರೂ ಕೇಳಿದರೆ, "ಪುಸ್ತಕದಲ್ಲಿ ಬರೆದಿಲ್ವಾ?" ಎಂಬುದೇ ಉತ್ತರ. ಹುಡುಗಿ ಹಲ್ಲು ಕಚ್ಚಿಕೊಂಡು ತಟ್ಟೆ ತೊಳೆದಳು. ತೊಳೆಯುತ್ತ ತೊಳೆಯುತ್ತ ಮನಸ್ಸಿನೊಳಗೆ ಒಂದು ಕತ್ತಿಯನ್ನೂ ಮಸೆದಳು ಎಂದರೆ ಸುಳ್ಳಲ್ಲ.

ಮೂರನೆಯ ತಿಂಗಳಲ್ಲಿ ಮ್ಯಾನೇಜರು ಅವಳನ್ನು ತಮ್ಮ ಗಾಜಿನ ಕೋಣೆಗೆ ಕರೆದರು. ಬೆಳೆಗಾರರ ಸಂಘವೊಂದರಿಂದ ದೂರು ಬಂದಿತ್ತು. ಚೀಟಿಯ ಮೇಲೆ ಎಂಬತ್ತೈದು ಎಂದಿದ್ದ ಬೀಜ ಹೊಲದಲ್ಲಿ ಐವತ್ತೂ ಮೊಳೆತಿರಲಿಲ್ಲ.

"ಐದು ವರ್ಷದ ರಿಜಿಸ್ಟರು ತಗೊಂಡು ಹೋಗು. ಎಲ್ಲಿ ಹುಳುಕಿದೆ ನೋಡು. ಗಣಿತದವಳಲ್ವಾ ನೀನು, ಏನಾದ್ರೂ ಸಿಕ್ಕೇ ಸಿಗುತ್ತೆ."

"ಎಲ್ಲಾ ರಿಜಿಸ್ಟರೂನಾ ಸರ್? ಗೋದಾಮಿಂದು?"

"ಗೋದಾಮಿಂದು ನಾನು ನೋಡ್ಕೋತೀನಿ. ನೀನು ಮೊಳಕೆ ರಿಜಿಸ್ಟರು ನೋಡು ಸಾಕು."

ನೋಡಿದಳು. ಆರುನೂರ ಹನ್ನೆರಡು ಪರೀಕ್ಷೆಗಳು, ಒಂದೊಂದಕ್ಕೆ ನಾಲ್ಕು ಅಂಕಿ, ಎಲ್ಲವೂ ಮೊಳಕೆಯಕ್ಕನ ಗುಂಡು ಗುಂಡು ಬರವಣಿಗೆಯಲ್ಲಿ. ನಾಲ್ಕನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದವಳ ಕೈ ಹಾಗೇ ನಿಂತಿತು. ಎಂಬತ್ತೈದು, ಎಂಬತ್ತೈದು, ಎಂಬತ್ತಾರು, ಎಂಬತ್ತನಾಲ್ಕು. ಮುಂದಿನ ಸಾಲು ತೊಂಬತ್ತು, ತೊಂಬತ್ತೊಂದು, ತೊಂಬತ್ತು, ತೊಂಬತ್ತು. ಅದರ ಮುಂದಿನದೂ ಹಾಗೇ. ನಾಲ್ಕು ಜನ ಒಂದೊಂದು ನಾಣ್ಯವನ್ನು ನೂರು ಸಲ ಚಿಮ್ಮಿದರೆ ನಾಲ್ವರಿಗೂ ಐವತ್ತೈವತ್ತೇ ಬೀಳುತ್ತದೆಯೆ? ಒಬ್ಬನಿಗೆ ನಲವತ್ತಾರು, ಇನ್ನೊಬ್ಬನಿಗೆ ಐವತ್ತೈದು ಬಿದ್ದೇ ಬೀಳುತ್ತದೆ. ಬೀಜವೂ ಹಾಗೆಯೇ. ಎಂಬತ್ತೈದರ ರಾಶಿಯಲ್ಲಿ ನಾಲ್ಕು ತಟ್ಟೆ ಹಾಕಿದರೆ ಎಲ್ಲಕ್ಕಿಂತ ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಸಾಮಾನ್ಯವಾಗಿ ಏಳರ ಆಸುಪಾಸಿನ ಅಂತರ ಇರಬೇಕು. ಮೊಳಕೆಯಕ್ಕನ ರಿಜಿಸ್ಟರಿನಲ್ಲಿ ಆ ಅಂತರ ಎರಡು ದಾಟಿದ್ದೇ ಅಪರೂಪ. ಐದು ವರ್ಷವೂ ಹೀಗೇ ಆಗುವ ಸಂಭವ ಎಷ್ಟೆಂದು ಅವಳು ಲೆಕ್ಕ ಹಾಕಿದಳು. ಸೊನ್ನೆಯ ಮುಂದೆ ಸೊನ್ನೆ ಬರೆಯುತ್ತ ಹೋದರೆ ಹಾಳೆ ಸಾಲದು.

ಒಂದೇ ತಟ್ಟೆ ಎಣಿಸಿ, ಉಳಿದ ಮೂರನ್ನು ಕೂತಲ್ಲೇ ಬರೆದಿದ್ದಾಳೆ. ಇನ್ನೇನಿರಲು ಸಾಧ್ಯ?

ಅವಳ ಅಮ್ಮ ಆಸ್ಪತ್ರೆಯೊಂದರ ಹೊದಿಕೆಗಳಿಗೆ ಇಸ್ತ್ರಿ ಹಾಕುವವಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ತಾಯಿ ಮಗಳ ವಾಸ. ಆ ಸಂಜೆ ಕೆಳಗಡೆ ಟೈರಿಗೆ ಗಾಳಿ ತುಂಬುವ ಸದ್ದಿನ ನಡುವೆ ಮಗಳು ತಾನು ಕಂಡದ್ದನ್ನೆಲ್ಲ ಬಿಡಿಸಿ ಹೇಳಿದಳು. ಅಮ್ಮ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿಸಿಕೊಂಡಳು.

"ಆ ಹೆಂಗಸು ಎಣಿಸದೆ ಬರೆಯೋದನ್ನ ನೀನು ನೋಡಿದ್ಯಾ?"

"ನೋಡೋದೇನಮ್ಮ? ಅಂಕಿನೇ ಹೇಳುತ್ತಲ್ಲ."

"ಅಂಕಿಗೆ ಬಾಯಿದೆಯಾ?"

"ನಿನಗೆ ಅರ್ಥ ಆಗಲ್ಲ ಬಿಡಮ್ಮ."

"ಆಗಲ್ಲಮ್ಮ. ನಾನು ಇಸ್ತ್ರಿಯವಳು. ಆದ್ರೆ ನನ್ನ ಬಟ್ಟೆ ಮುಟ್ಟದೆ ಯಾರಾದ್ರೂ ನನ್ನ ಕೆಲಸ ಸರಿ ಇಲ್ಲ ಅಂದ್ರೆ, ಸುಡೋ ಇಸ್ತ್ರಿ ತಗೊಂಡೇ ಹೋಗ್ತಿದ್ದೆ."

ಹುಡುಗಿ ವರದಿ ಬರೆದಳು. 'ಈ ಅಂಕಿಗಳು ಎಣಿಸಿ ಬಂದವಲ್ಲ, ಕಲ್ಪಿಸಿ ಬರೆದವು' ಎಂಬ ವಾಕ್ಯವನ್ನು ಬರೆದು, ಮತ್ತೊಮ್ಮೆ ಓದಿ, ಅದರ ಕೆಳಗೆ ಗೆರೆ ಎಳೆದಳು. ಗೆರೆ ಎಳೆಯುವಾಗ ಅವಳಿಗೆ ಕಂಡದ್ದು ಗಿಡ್ಡ ಕಾಲಿನ ಸ್ಟೂಲು.

ಮ್ಯಾನೇಜರು ಅವಳಿಗೆ ಕುರ್ಚಿ ಹಾಕಿಸಿದರು. ಕಾಲೇಜಿನ ಮೇಡಂಗೆ ಫೋನು ಮಾಡಿ, "ನಿಮ್ಮ ಹುಡುಗಿ ಬಂಗಾರ" ಎಂದರು. ಸಂಘದವರಿಗೆ ಪತ್ರ ಹೋಯಿತು. ಮೊಳಕೆಯಕ್ಕನಿಗೂ ನೋಟಿಸು ಹೋಯಿತು: ಮೂರು ವಾರದಲ್ಲಿ ವಿಚಾರಣೆ, ಆಮೇಲೆ ಕೆಲಸದಿಂದ ತೆಗೆಯುವ ಆದೇಶ.

ಅಂದಿನಿಂದ ಕೊಠಡಿಯಲ್ಲಿ ಯಾರೂ ಹುಡುಗಿಯೊಡನೆ ಮಾತಾಡಲಿಲ್ಲ. ಕ್ಯಾಂಟೀನಿನಲ್ಲಿ ಅವಳು ಕೂತ ಬೆಂಚಿನಿಂದ ಜನ ಎದ್ದು ಹೋಗುತ್ತಿದ್ದರು. ಸೀಲಿನವನು ಮಾತ್ರ ಹಾದುಹೋಗುವಾಗೆಲ್ಲ ತನ್ನ ಊಟದ ಡಬ್ಬಿಯನ್ನು ಎದೆಗವಚಿಕೊಂಡು, "ನಮ್ಮ ಅನ್ನದ ಅಗುಳೂ ಎಣಿಸ್ತೀರೇನಮ್ಮ?" ಎನ್ನುತ್ತಿದ್ದ. ಮೊಳಕೆಯಕ್ಕ ನಾಲ್ಕು ದಿನ ತನ್ನ ತಟ್ಟೆಗಳ ಕೆಲಸದಲ್ಲೇ ಇದ್ದಳು. ಐದನೆಯ ದಿನ ಬೆಳಿಗ್ಗೆ, ಬೀರುವಿನಿಂದ ನಾಲ್ಕು ತಟ್ಟೆ ಹೊರತೆಗೆದು, ಹುಡುಗಿಯ ಮುಂದೆ ಒಂದೊಂದಾಗಿ ಇಟ್ಟಳು. ಮೆಲ್ಲಗೇ ಇಟ್ಟಳು, ಮೊಳಕೆಯ ಮೇಲೆ ಅವಳಿಗೆ ಕೋಪವಿರಲಿಲ್ಲ.

"ಇವತ್ತು ಹನ್ನೆರಡನೇ ದಿನ. ನಾನು ಮುಟ್ಟಲ್ಲ. ನೀನೇ ಎಣಿಸು."

"ಈಗ ಯಾಕೆ ಅಕ್ಕ..."

"ಅಕ್ಕ ಗಿಕ್ಕ ಬೇಡ. ಎಣಿಸು. ನಾಲ್ಕೂ ಒಂದೇ ಥರ ಬರದಿದ್ರೆ ನೀನೇ ನನ್ನ ಕತ್ತು ಹಿಡಿದು ಆಚೆ ದಬ್ಬು."

ಕೊಠಡಿಯೆಲ್ಲ ಕೈಕೆಲಸ ನಿಲ್ಲಿಸಿ ನೋಡಿತು. ಹುಡುಗಿ ಇಕ್ಕುಳದಿಂದ ಒಂದೊಂದೇ ಮೊಳಕೆ ತೆಗೆದು ಎಣಿಸಿದಳು. ಎಂಬತ್ತೆಂಟು. ಎಂಬತ್ತೇಳು. ಎಂಬತ್ತೆಂಟು. ನಾಲ್ಕನೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಂಬತ್ತೆಂಟು. ಮತ್ತೆ ಎಣಿಸಿದಳು. ಮೂರನೆಯ ಸಲವೂ ಎಣಿಸಿದಳು. ಅಂಕಿ ಒಂದಿಷ್ಟೂ ಕದಲಲಿಲ್ಲ.

"ಈಗ ಏನಂತಾರೆ ಲೆಕ್ಕದಮ್ಮನೋರು?" ಎಂದಳು ಮೊಳಕೆಯಕ್ಕ. ಆ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಬರೀ ಉರಿ ಇತ್ತು. "ನನ್ನ ಮಗಳ ಮಾವನ ಮನೇಲಿ ಆ ನೋಟಿಸು ಓದಿದ್ರು. ಮಾವ ಕೇಳಿದ್ನಂತೆ, ನಿಮ್ಮಮ್ಮ ಇಷ್ಟು ದಿನ ಸುಳ್ಳು ಬರೆದೇ ಉಂಡದ್ದಾ ಅಂತ."

ಎಣಿಕೆ ನಿಜ. ಲೆಕ್ಕವೂ ನಿಜ. ಒಂದು ಇನ್ನೊಂದನ್ನು ಸುಳ್ಳು ಎನ್ನುತ್ತಿದೆ. ಮಾರನೆಯ ದಿನ ಬೆಳಗಾಗುತ್ತಲೇ ಹುಡುಗಿ ಎಲ್ಲರಿಗಿಂತ ಮೊದಲು ಕೊಠಡಿಗೆ ಹೋಗಿ, ಮೊಳಕೆಯಕ್ಕ ಹೊಸ ಬೀಜ ಇಡುವ ಮೇಜಿನ ಪಕ್ಕ ನಿಂತಳು. ನಾಲ್ಕು ತಿಂಗಳಲ್ಲಿ ಬೀಜ ಇಡುವುದನ್ನು ಅವಳು ಒಮ್ಮೆಯೂ ಹತ್ತಿರದಿಂದ ನೋಡಿರಲಿಲ್ಲ; ನೋಡಲು ಮೊಳಕೆಯಕ್ಕ ಬಿಟ್ಟಿರಲಿಲ್ಲ, ಇವಳೂ ಬೇಕೆಂದು ಹಟ ಹಿಡಿದಿರಲಿಲ್ಲ.

ಮೊಳಕೆಯಕ್ಕ ಅವಳನ್ನು ಕಂಬವೆಂಬಂತೆ ಬಳಸಿ ಬಂದು ಕೂತಳು. ದೇವರ ಹೆಸರು ತುಟಿಯಲ್ಲೇ ಅಂದುಕೊಂಡಳು. ಬಿಳಿ ಹಾಳೆಯ ಮೇಲೆ ನಾನೂರು ಕರಿ ಬೀಜ ಸುರುವಿ, ಸಣ್ಣ ಕಡ್ಡಿಯಿಂದ ಹರವಿದಳು. ಆಮೇಲೆ ಅವಳ ಕಡ್ಡಿ ಒಂದು ವಿಚಿತ್ರ ಕೆಲಸ ಮಾಡಿತು. ಅಲ್ಲೊಂದು ಇಲ್ಲೊಂದು ಬೀಜವನ್ನು ಸರಸರನೆ ಬದಿಗೆ ಎಳೆಯಿತು. ಸುಕ್ಕಿದವು, ಬಣ್ಣ ಮಾಸಿದವು, ಒಂದು ಮಗ್ಗುಲು ಒಳಸರಿದವು.

"ಅವುಗಳನ್ನ ಎಸೀತೀರಾ?"

"ಎಸೆಯೋಕೆ ನಾನೇನು ಮೋಸಗಾತಿಯಾ? ನಾನೂರೂ ಒಳಗೇ ಹೋಗುತ್ತೆ."

ಬದಿಗೆ ಎಳೆದವು ಐವತ್ತರ ಹತ್ತಿರ ಇದ್ದವು. ಮೊಳಕೆಯಕ್ಕ ಅವನ್ನು ಮೊದಲ ತಟ್ಟೆಗೆ ಒಂದು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ, ನಾಲ್ಕನೆಯದಕ್ಕೆ, ಮತ್ತೆ ಮೊದಲನೆಯದಕ್ಕೆ, ಹೀಗೆ ಹಂಚಿದಳು. ಆಮೇಲೆ ಒಳ್ಳೆಯವನ್ನು ಸುತ್ತ ತುಂಬಿ ತಟ್ಟೆಗೆ ನೂರು ಮಾಡಿದಳು.

"ಯಾಕೆ ಹೀಗೆ ಹಂಚ್ತೀರಾ?" ಎಂದು ಕೇಳಿದಳು ಹುಡುಗಿ.

"ಹಂಚದೆ? ಸಾಯೋ ಬೀಜ ಎಲ್ಲಾ ಒಂದೇ ತಟ್ಟೆ ಪಾಲಾದ್ರೆ ಆ ತಟ್ಟೆ ಏನು ಪಾಪ ಮಾಡಿತ್ತು? ಮೊದಲ ವರ್ಷ ನಾನು ಕಣ್ಮುಚ್ಚಿ ಇಡ್ತಿದ್ದೆ. ಒಂದು ತಟ್ಟೆ ಎಪ್ಪತ್ತೊಂಬತ್ತು, ಇನ್ನೊಂದು ತೊಂಬತ್ತು. ಆಗಿನ ಸಾಹೇಬ್ರು ತಟ್ಟೆನ ಮುಖಕ್ಕೆ ಹಿಡಿದು, ಇದು ಕೆಲಸನಾ ಅಂದ್ರು. ಅವತ್ತಿಂದ ಒಂದು ದಿನ ತಪ್ಪಿಲ್ಲ. ನಾಲ್ಕೂ ಅಕ್ಕತಂಗೀರ ಹಾಗೆ ಇರ್ಬೇಕು."

ಹುಡುಗಿಗೆ ಎಲ್ಲವೂ ಒಮ್ಮೆಲೇ ಬಿಡಿಸಿಕೊಂಡಿತು. ಈ ಹೆಂಗಸು ಸುಳ್ಳು ಬರೆದಿಲ್ಲ. ಯಾವ ಬೀಜ ಮೊಳೆಯುವುದಿಲ್ಲ ಎಂದು ಮುಂಚೆಯೇ ಕಂಡು, ಅವನ್ನು ಸಮನಾಗಿ ಹಂಚಿದ್ದಾಳೆ. ಅದೃಷ್ಟಕ್ಕೆ ಬಿಡಬೇಕಾದದ್ದನ್ನು ನ್ಯಾಯವೆಂದುಕೊಂಡು ಕೈಯಲ್ಲಿ ಮಾಡಿದ್ದಾಳೆ. ನಾಲ್ಕು ತಟ್ಟೆ ಇಡುವುದೇ ಅವು ಒಂದಕ್ಕೊಂದು ಎಷ್ಟು ಬೇರೆ ಎಂದು ತಿಳಿಯಲು. ಆ ತಿಳಿವನ್ನೇ ಅವಳು ಒರೆಸಿಹಾಕಿದ್ದಾಳೆ. ಆದರೆ ನಾನೂರೂ ಒಳಗೇ ಹೋಗಿವೆ, ಒಂದೂ ಹೊರಗೆ ಬಿದ್ದಿಲ್ಲ. ಸರಾಸರಿ ಸರಿ. ಚೀಟಿಯ ಮೇಲಿನ ಎಂಬತ್ತೈದು ಸರಿ.

ಹಾಗಾದರೆ ಬೀಜ ಸತ್ತದ್ದು ಈ ಕೊಠಡಿ ದಾಟಿದ ಮೇಲೆ. ದಾಟಿದ ಮೇಲೆ ಅದು ಎಂಟು ತಿಂಗಳು ಇದ್ದದ್ದು ಗೋದಾಮಿನಲ್ಲಿ.

ಮ್ಯಾನೇಜರು ಅವಳ ಮಾತನ್ನು ಪೂರ್ತಿ ಕೇಳಿದರು. ಕೇಳಿ, ಮೇಜಿನ ಡ್ರಾಯರು ಎಳೆದು, ಕಾಲೇಜಿನ ಹಾಳೆಯನ್ನು ತೆಗೆದು, ಪೆನ್ನಿನ ಪಕ್ಕದಲ್ಲಿ ನೇರವಾಗಿ ಇಟ್ಟರು.

"ವರದಿ ಬರೆದವಳು ನೀನೇ ತಾನೆ?"

"ಹೌದು ಸರ್. ತಪ್ಪು ಬರೆದೆ."

"ಸಂಘದವರಿಗೆ ಪತ್ರ ಹೋಗಿದೆ. ಈಗ ಬರೆದದ್ದೇ ತಪ್ಪು ಅಂತ ನೀನು ಬಾಯಿ ಬಡ್ಕೊಂಡ್ರೆ ನಗೋದು ನಿನ್ನನ್ನ ನೋಡಿ, ನನ್ನನ್ನ ನೋಡಿ ಅಲ್ಲ. ಇನ್ನು ಎಂಟು ತಿಂಗಳು ಸುಮ್ಮನೆ ಕೂತಿರು. ಹಾಳೆ ಇಲ್ಲೇ ಇದೆ."

"ಗೋದಾಮಿನ ರಿಜಿಸ್ಟರು ಒಂದು ಸಲ ನೋಡಬಹುದಾ ಸರ್?"

ಮ್ಯಾನೇಜರು ಹಾಳೆಯನ್ನು ಮತ್ತೆ ಡ್ರಾಯರಿಗೆ ಹಾಕಿ ಕೀಲಿ ತಿರುವಿದರು. ಅದೇ ಅವರ ಉತ್ತರ.

ಪ್ರತಿಯೊಂದು ರಾಶಿಯಿಂದ ಒಂದು ಪ್ಯಾಕೆಟ್ಟನ್ನು ಸೀಲು ಮಾಡಿ ಒಣ ಡಬ್ಬಿಯಲ್ಲಿ ಕಾದಿಡುವುದು ಆ ಕಂಪನಿಯ ಪದ್ಧತಿ. ಡಬ್ಬಿಯ ಬೀಗದ ಕೀಲಿ ಸೀಲಿನವನ ಕೈಯಲ್ಲಿತ್ತು. ದೂರು ಬಂದ ರಾಶಿಯ ಪ್ಯಾಕೆಟ್ಟು ಬೇಕೆಂದು ಹುಡುಗಿ ಕೇಳಿದಾಗ ಅವನು ಕೀಲಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಈಗ ಯಾರ ಕತ್ತು ಕುಯ್ಯೋಕೆ?"

"ನಂದೇ."

"ಹಾಗಾದ್ರೆ ತಗೊ" ಎಂದು ಕೊಟ್ಟ. ಪುಸ್ತಕದಲ್ಲಿ ಅವಳಿಂದ ರುಜುವನ್ನೂ ಹಾಕಿಸಿಕೊಂಡ.

ಅದಕ್ಕಿಂತ ಕಷ್ಟದ್ದು ಬೀರು. "ನನ್ನ ಬೀರುವಿನಲ್ಲಿ ನಿನ್ನ ತಟ್ಟೆಗೆ ಜಾಗ ಇಲ್ಲ" ಎಂದಳು ಮೊಳಕೆಯಕ್ಕ. ಹುಡುಗಿ ವಿಷಯ ಹೇಳಿದಳು: ತಾನು ಬರೆದದ್ದು ತಪ್ಪು, ಅದನ್ನು ತಟ್ಟೆಯ ಮೂಲಕವೇ ತೋರಿಸಬೇಕು. ಆದರೆ ಬೀಜವನ್ನು ಆರಿಸದೆ, ಬಂದದ್ದು ಬಂದ ಹಾಗೆ ಇಡುತ್ತೇನೆ. ಯಾಕೆಂದರೆ ಅಕ್ಕ ಇಡುವ ರೀತಿಯೂ ಸರಿಯಲ್ಲ.

ಮೊಳಕೆಯಕ್ಕನ ಮುಖ ಕೆಂಡವಾಯಿತು. "ಓಹೋ! ಸುಳ್ಳಿ ಅಲ್ಲ, ಆದ್ರೆ ದಡ್ಡಿ. ಇದಕ್ಕಿಂತ ಮೊದಲಿನದ್ದೇ ವಾಸಿ ಇತ್ತಲ್ಲೇ!"

ಹುಡುಗಿ ತಟ್ಟೆ ಹಿಡಿದುಕೊಂಡೇ ನಿಂತಳು. ಹೋಗಲಿಲ್ಲ.

"ಕೆಳಗಿನ ಅರೇಲಿಡು" ಎಂದಳು ಕೊನೆಗೆ ಮೊಳಕೆಯಕ್ಕ, ಬೆನ್ನು ತಿರುಗಿಸಿ. "ನನ್ನ ತಟ್ಟೆಗೆ ತಗಲಿದ್ರೆ ಕೈ ಮುರೀತೀನಿ."

ಹನ್ನೆರಡು ದಿನ. ದೇವರ ಮುಂದೆ ನಿಂತಾಗ ಹುಡುಗಿಗೆ ಏನು ಕೇಳಿಕೊಳ್ಳಬೇಕೆಂದೇ ತಿಳಿಯುತ್ತಿರಲಿಲ್ಲ. ಮೊಳೆಯಲಿ ಎಂದು ಕೇಳಿದರೆ ತನ್ನ ರುಜು ಹೋಯಿತು. ಮೊಳೆಯದಿರಲಿ ಎಂದು ಕೇಳಲು ನಾಲಿಗೆ ಬರಲಿಲ್ಲ. ಸುಮ್ಮನೆ ಕೈಮುಗಿದು ಬರುತ್ತಿದ್ದಳು.

ವಿಚಾರಣೆಯ ದಿನ ಕಂಪನಿಯ ಮಾಲೀಕರೇ ಬಂದು ಕೂತರು. ಕಿವಿಗೆ ಯಂತ್ರ ಹಾಕಿಕೊಂಡ, ವಯಸ್ಸಾದ, ಅವಸರವಿಲ್ಲದ ಮನುಷ್ಯ. ಒಂದು ಬದಿಗೆ ಮ್ಯಾನೇಜರು, ಇನ್ನೊಂದು ಬದಿಗೆ ಮೊಳಕೆಯಕ್ಕ. ಮ್ಯಾನೇಜರು ವರದಿಯ ಗೆರೆ ಎಳೆದ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಆಗ ಹುಡುಗಿ ನಾಲ್ಕು ತಟ್ಟೆಗಳನ್ನು ಮೇಜಿನ ಮೇಲಿಟ್ಟು, "ಆ ವಾಕ್ಯ ನಂದು. ಅದು ತಪ್ಪು. ಇವನ್ನ ಎಣಿಸಿ ನೋಡಬೇಕು" ಎಂದಳು.

"ಇದಕ್ಕೆ ನಾನು ಅನುಮತಿ ಕೊಟ್ಟಿಲ್ಲ" ಎಂದು ಮ್ಯಾನೇಜರು ಎದ್ದರು.

"ಕೂತ್ಕೊಳ್ರೀ. ಮೊಳಕೆಗೆ ಯಾರ ಅನುಮತಿ?" ಎಂದ ಮಾಲೀಕರು ಕನ್ನಡಕ ಏರಿಸಿ ತಾವೇ ಎಣಿಸಲು ಕೂತರು. ಮುಕ್ಕಾಲು ಗಂಟೆ ಹಿಡಿಯಿತು. ಎಂಬತ್ತು. ಎಂಬತ್ತೆಂಟು. ಎಂಬತ್ತೇಳು. ಎಂಬತ್ತನಾಲ್ಕು. ಅಂಕಿಗಳು ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಸರಾಸರಿ ಮಾತ್ರ ಎಂಬತ್ತೈದಕ್ಕೆ ಕಾಲು ಕಡಿಮೆ. ಹತ್ತು ತಿಂಗಳ ಹಿಂದೆ ಮೊಳಕೆಯಕ್ಕ ಬರೆದದ್ದು ಎಂಬತ್ತೈದು.

"ಅಂದ್ರೆ ಬೀಜ ಚೆನ್ನಾಗಿತ್ತು" ಎಂದರು ಮಾಲೀಕರು.

"ಇಲ್ಲಿಂದ ಹೋಗುವಾಗ ಚೆನ್ನಾಗಿತ್ತು ಸರ್."

ಮಾಲೀಕರು ಮ್ಯಾನೇಜರ ಕಡೆ ತಿರುಗಿ, ಗೋದಾಮಿನ ರಿಜಿಸ್ಟರು ತರಿಸಿ ಎಂದರು. ಅದರಲ್ಲಿ ಬೀಜವನ್ನು ಕೊಲ್ಲುವ ತೇವವನ್ನು ಅಳೆದು ಬರೆಯಬೇಕಾದ ಐದು ತಿಂಗಳ ಪುಟಗಳು ಖಾಲಿ ಇದ್ದವು. ನೋಟಿಸು ಹಿಂದಕ್ಕೆ ಹೋಯಿತು. ರಿಜಿಸ್ಟರಿನ ಅಂಕಿಗಳು ಯಾಕೆ ಅಷ್ಟು ಸಮವೆಂದು ಹುಡುಗಿಯಿಂದ ಕೇಳಿ ತಿಳಿದ ಮಾಲೀಕರು ಮೊಳಕೆಯಕ್ಕನಿಗೆ ಒಂದೇ ಮಾತು ಹೇಳಿದರು: "ನಾಳೆಯಿಂದ ಬೀಜ ಆರಿಸಿ ಹಂಚೋ ಹಾಗಿಲ್ಲ. ಬಂದ ಹಾಗೆ ಇಡಿ." ಮೊಳಕೆಯಕ್ಕ ಹುಡುಗಿಯ ಕಡೆ ಒಂದು ನೋಟ ಎಸೆದು ಹೊರಗೆ ಹೋದಳು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮ್ಯಾನೇಜರಿಗೆ ಎಚ್ಚರಿಕೆ ಪತ್ರ ಸಿಕ್ಕಿತು, ಕುರ್ಚಿ ಹೋಗಲಿಲ್ಲ. ಎಂಟು ತಿಂಗಳು ಕಳೆದು ವರ್ಷ ಮುಗಿದಾಗ ಕಾಲೇಜಿನ ಹಾಳೆ ಡ್ರಾಯರಿನಿಂದ ಹೊರಬಂತು. ಅದರ ಮೇಲೆ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಿತ್ತು: 'ಅತೃಪ್ತಿಕರ. ತಾನೇ ಸಲ್ಲಿಸಿದ ವರದಿಯನ್ನು ತಾನೇ ಅಲ್ಲಗಳೆದಿದ್ದಾಳೆ. ಅನುಮತಿಯಿಲ್ಲದೆ ಕಂಪನಿಯ ಬೀಜ ಬಳಸಿದ್ದಾಳೆ.' ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಕಾಲೇಜಿನ ಮೇಡಂ ಫೋನಿನಲ್ಲಿ ನಿಟ್ಟುಸಿರಿಟ್ಟರು. "ನೀನು ಮಾಡಿದ್ದು ನನಗೆ ಅರ್ಥ ಆಗುತ್ತೆ. ಆದ್ರೆ ರುಜು ಇಲ್ಲದೆ ನನ್ನ ಕೈಲಿ ಏನೂ ಇಲ್ಲ. ಬೇರೆ ಕಡೆ ಇನ್ನೊಂದು ವರ್ಷ ಮಾಡ್ತೀಯಾ?"

"ಮಾಡ್ತೀನಿ ಮೇಡಂ."

ಅಮ್ಮ ಅದನ್ನು ಕೇಳಿ ಪಾತ್ರೆ ಕುಕ್ಕಿದಳು. "ಒಂದು ವರ್ಷ! ಆ ಹೆಂಗಸು ಒಂದು ಲೋಟ ನೀರಾದ್ರೂ ಕೊಟ್ಳಾ ನಿನಗೆ?"

"ಇಲ್ಲ."

"ಮತ್ತೆ?"

"ಮತ್ತೇನಿಲ್ಲಮ್ಮ. ಎಂಬತ್ತೈದೇ ಬಂತು."

ಕೊನೆಯ ದಿನ ಹುಡುಗಿ ಬಿಳಿ ಕೋಟನ್ನು ಮಡಚಿ ಕೊಠಡಿಗೆ ಕೊಡಲು ಹೋದಳು. ಮೊಳಕೆಯಕ್ಕ ಕಡ್ಡಿ ಹಿಡಿದು ಬೀಜ ಇಡುತ್ತಿದ್ದಳು. ಕಣ್ಣು ಗೋಡೆಯ ಕಡೆ ಇತ್ತು, ಬೀಜ ಆರಿಸಬಾರದೆಂದೇ. ಸುಕ್ಕಿದ ಬೀಜ ಕಡ್ಡಿಗೆ ಸಿಕ್ಕಾಗ ಕೈ ಒಂದು ಕ್ಷಣ ತಡೆದು, ಮತ್ತೆ ಮುಂದೆ ಹೋಗುತ್ತಿತ್ತು. ಪಕ್ಕದಲ್ಲಿ ತೆರೆದಿಟ್ಟ ರಿಜಿಸ್ಟರಿನಲ್ಲಿ ಅಂದಿನ ಸಾಲು: ಎಪ್ಪತ್ತೆಂಟು, ಎಂಬತ್ತೊಂಬತ್ತು, ಎಂಬತ್ತೆರಡು, ತೊಂಬತ್ತು.

"ನೋಡ್ಕೊ. ಕಣ್ತುಂಬ ನೋಡ್ಕೊ" ಎಂದಳು ಮೊಳಕೆಯಕ್ಕ. "ನಾಯಿ ಹರಿದ ಬಟ್ಟೆ ಹಾಗಿದೆ ನನ್ನ ರಿಜಿಸ್ಟರು."

"ಹಾಗೇ ಇರ್ಬೇಕು ಅಕ್ಕ. ಅಕ್ಕ, ನಾನು ನಿಮ್ಮ ಮೇಲೆ ಬರೆದದ್ದು..."

"ತಪ್ಪಾಯ್ತು ಅಂತೀಯಾ? ಅಂದ್ಕೊ. ನಿನಗೆ ಹಗುರಾಗುತ್ತೆ. ನನ್ನ ಬೀಗರು ಆ ನೋಟಿಸು ಓದಿದ್ದನ್ನ ಮರೀತಾರಾ? ನನ್ನ ಕೆಲಸ ನೀನು ಉಳಿಸಿದೆಯಂತೆ, ಎಲ್ಲರೂ ಹೇಳ್ತಾರೆ. ಕಳೆಯೋಕೆ ಹೋದವಳೂ ನೀನೇ. ಅದನ್ನ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಸಾಯೋವರೆಗೂ ಹೇಳ್ತೀನಿ."

ಹುಡುಗಿ ಕೋಟನ್ನು ಮೊಳೆಗೆ ನೇತುಹಾಕಿದಳು. ಆ ಹೆಂಗಸು ಹೇಳಿದ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಬರಲಿಲ್ಲ.

"ಬಾಗಿಲು ಎಳ್ಕೊಂಡು ಹೋಗು" ಎಂದಳು ಮೊಳಕೆಯಕ್ಕ, ಗೋಡೆಯಿಂದ ಕಣ್ಣು ಕೀಳದೆ. "ಗಾಳಿಗೆ ಕಾಗದ ಒಣಗುತ್ತೆ."

ಹುಡುಗಿ ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದಳು.